ಬಿಟ್ಟಿ ಆಟಕ್ಕೆ ನನ್ನದೊಂದು ತಕರಾರು

2024ರ ಗೌರಿ ಹಬ್ಬದ ದಿನ ನಮ್ಮ ನಾದಿನಿ ಬಾಗಿನಕ್ಕೆಂದು ಮನೆಗೆ ಬಂದಿದ್ದಳು. ಮೊರದ ಒಂದು ತುದಿ ನನ್ನ ಸೆರಗಿನೊಳಗೆ, ಇನ್ನೊಂದು ತುದಿ ಅವಳ ಸೆರಗಿನೊಳಗೆ. ಇನ್ನೇನು ಬಾಗಿನ ಕೈ ಬದಲಾಯಿಸಬೇಕು, ಅಷ್ಟರಲ್ಲಿ ಸೋಫಾದ ಮೇಲಿದ್ದ ಅವಳ ಫೋನು ‘ಟಿಣ್’ ಎಂದಿತು. “ಒಂದೇ ನಿಮಿಷ ಅತ್ತಿಗೆ, ಲೈಫ್ ಬಂತು” ಎಂದವಳೇ ಮೊರವನ್ನು ನನ್ನ ಕೈಯಲ್ಲಿ ಬಿಟ್ಟು ಅತ್ತ ಧಾವಿಸಿದಳು. ಯಾರಿಗೆ ಜೀವ ಬಂತು, ಯಾವ ಆಸ್ಪತ್ರೆಯಲ್ಲಿ ಎಂದು ಎಂಬತ್ತೆಂಟರ ನಮ್ಮ ಅತ್ತೆಯವರು ಗಾಬರಿಯಿಂದ ಎದ್ದು ಕೂತರು.

ಜೀವ ಬಂದದ್ದು ಯಾವ ಮನುಷ್ಯರಿಗೂ ಅಲ್ಲ. ಬಣ್ಣಬಣ್ಣದ ಗುಂಡುಗಳನ್ನು ಮೂರು ಮೂರಾಗಿ ಜೋಡಿಸುವ ಒಂದು ಆಟ. ಅದರಲ್ಲಿ ಐದು ಸಲ ಸೋಲಬಹುದು. ಐದು ಜೀವವೂ ಮುಗಿದರೆ ಆಟ ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಅರ್ಧ ಗಂಟೆಗೆ ಒಂದರಂತೆ ಜೀವವನ್ನು ಭಿಕ್ಷೆ ಹಾಕುತ್ತದೆ. ಅಷ್ಟು ಹೊತ್ತು ಕಾಯಲಾರೆ ಎನ್ನುವವರು ದುಡ್ಡು ಕೊಟ್ಟು ಕೊಳ್ಳಬಹುದು. ಆಟ ಮಾತ್ರ ಬಿಟ್ಟಿ!

ನಗು ಬಂತು ಎನ್ನಿ. ಆದರೆ ಮೊರ ಹಿಡಿದು ನಿಂತ ಆ ‘ಒಂದೇ ನಿಮಿಷ’ ಹನ್ನೊಂದು ನಿಮಿಷವಾಗುವ ಹೊತ್ತಿಗೆ ನಗು ಹೋಗಿ ಸಿಟ್ಟು ಬಂದಿತ್ತು. ಸಿಟ್ಟು ನಾದಿನಿಯ ಮೇಲಲ್ಲ. ಅದು ಯಾರ ಮೇಲೆ ಎಂಬುದನ್ನು ಹೇಳಲೆಂದೇ ಈಗ ಬರೆಯಲು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಆಟದ ವಿರೋಧಿಯಲ್ಲ. ನಾನೂ ಆಡುವವಳೇ. ದೊಡ್ಡ ಆಟಗಾರ್ತಿಯೇನಲ್ಲ, ಬಂದೂಕು ಹಿಡಿದು ಓಡುವ ಆಟ ನನಗೆ ತಲೆ ಸುತ್ತು ತರಿಸುತ್ತದೆ, ಕಾರಿನ ರೇಸಿನಲ್ಲಿ ನನ್ನ ಕಾರು ನೇರ ಗೋಡೆಗೆ. ರಾತ್ರಿ ಊಟವಾಗಿ, ಅಡುಗೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ನಾಳೆಯ ಉದ್ದು ಅಕ್ಕಿ ನೆನೆಸಿದ ಮೇಲೆ ಉಳಿಯುತ್ತದಲ್ಲ ಅರ್ಧ ಗಂಟೆ, ಆ ಅರ್ಧ ಗಂಟೆಯ ಆಟಗಾರ್ತಿ ನಾನು. ಗಂಡಸರು ಕ್ಲಬ್ಬಿನಲ್ಲಿ ರಾತ್ರಿ ಹತ್ತರವರೆಗೆ ಇಸ್ಪೀಟು ಆಡಿದರೆ ಅದಕ್ಕೆ ‘ರಿಲ್ಯಾಕ್ಸ್’ ಮಾಡುವುದು ಎಂಬ ಗೌರವದ ಹೆಸರಿದೆ. ಹೆಂಗಸು ಅರ್ಧ ಗಂಟೆ ಕಂಪ್ಯೂಟರಿನ ಮುಂದೆ ಕೂತರೆ “ಪುಣ್ಯವಂತೆ, ಮಾಡೋಕೆ ಕೆಲಸವಿಲ್ಲ” ಎಂಬ ಮಾತು. ಈ ಮಾತನ್ನು ನಾನು ಇಪ್ಪತ್ತೈದು ವರ್ಷ ಕೇಳಿದ್ದೇನೆ, ಒಂದು ದಿನವೂ ಒಪ್ಪಿಲ್ಲ. ನಮ್ಮ ಅಜ್ಜಿಯರು ಮಧ್ಯಾಹ್ನ ಅಳಗುಳಿ ಮಣೆ ಇಟ್ಟುಕೊಂಡು ಹುಣಸೆ ಬೀಜ ಹಂಚುತ್ತಾ ಕೂರುತ್ತಿರಲಿಲ್ಲವೇ? ಕವಡೆ ಕೈಯಲ್ಲಿ ಕುಲುಕಿ ಚೌಕಾಬಾರದಲ್ಲಿ ಒಬ್ಬರ ಕಾಯಿ ಒಬ್ಬರು ಹೊಡೆಯುತ್ತಿರಲಿಲ್ಲವೇ? ಮನೆಗೆಲಸದ ನಡುವೆ ಆಟ ಎಂಬುದು ಅಮೆರಿಕದಿಂದ ಬಂದದ್ದಲ್ಲ.

ಕಂಪ್ಯೂಟರಿನ ಆಟಕ್ಕೆ ನನಗೆ ದೀಕ್ಷೆ ಸಿಕ್ಕಿದ್ದು ಬ್ಯಾಂಕಿನಲ್ಲಿ. 1998ರಲ್ಲಿ ಹಾಸನದ ನಮ್ಮ ಶಾಖೆಗೆ ಕಂಪ್ಯೂಟರು ಬಂದಾಗ ಅದಕ್ಕೊಂದು ಗಾಜಿನ ಕೋಣೆ, ಏರ್‌ಕಂಡೀಷನರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಥೇಟ್ ಗರ್ಭಗುಡಿ. ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಕಟ್ಟಿದ ಹಗ್ಗ ಬಿಚ್ಚಿದ ಕರುವಿನಂತೆ ಎತ್ತಲೋ ಓಡುತ್ತಿತ್ತು. “ಮೇಡಂ, ಸ್ವಲ್ಪ ಸಾಲಿಟೇರ್ ಆಡಿ, ಕೈ ಹಿಡಿತಕ್ಕೆ ಬರುತ್ತೆ” ಎಂದರು ನಮ್ಮ ಮ್ಯಾನೇಜರು. ಸಂಬಳ ಕೊಟ್ಟು ಇಸ್ಪೀಟು ಆಡಿಸಿದ ಏಕೈಕ ಮೇಲಧಿಕಾರಿ!

ಆ ಸಾಲಿಟೇರ್‌ನ ಕತೆ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ವೆಸ್ ಚೆರ್ರಿ ಎಂಬ ಹುಡುಗ ಮೈಕ್ರೋಸಾಫ್ಟ್‌ನಲ್ಲಿ ತರಬೇತಿಗೆ ಸೇರಿಕೊಂಡಿದ್ದಾಗ ಬರೆದ ಆಟವಂತೆ ಅದು. ಎಲೆಗಳ ಚಿತ್ರ ಬರೆದವರು ಸೂಸನ್ ಕೇರ್ ಎಂಬ ಮಹಿಳೆ. 1990ರಲ್ಲಿ ವಿಂಡೋಸ್ 3.0 ಜೊತೆಗೆ ಅದನ್ನು ಲೋಕಕ್ಕೆಲ್ಲ ಹಂಚಿದರು. ಬರೆದ ಹುಡುಗನಿಗೆ ಗೌರವಧನವೆಂದು ಒಂದು ಕಾಸೂ ಬರಲಿಲ್ಲ. ಮೇಲಧಿಕಾರಿ ಬಂದಾಗ ಒತ್ತಿದರೆ ಪರದೆಯ ಮೇಲೆ ಸುಳ್ಳು ಲೆಕ್ಕದ ಹಾಳೆ ಮೂಡುವಂತೆ ಒಂದು ಗುಂಡಿಯನ್ನೂ ಅವನು ಇಟ್ಟಿದ್ದನಂತೆ, ಕಂಪನಿಯವರು ಅದನ್ನು ತೆಗೆಸಿದರು. (ಆ ಗುಂಡಿ ಇದ್ದಿದ್ದರೆ ನ್ಯೂಯಾರ್ಕಿನ ಪುರಸಭೆಯ ಒಬ್ಬ ನೌಕರನ ಕೆಲಸ ಉಳಿಯುತ್ತಿತ್ತು. 2006ರಲ್ಲಿ ಅಲ್ಲಿನ ಮೇಯರ್ ಬ್ಲೂಮ್‌ಬರ್ಗ್ ಅವರು ಕಚೇರಿಗೆ ಬಂದಾಗ ಅವನ ಪರದೆಯ ಮೇಲೆ ಈ ಎಲೆಗಳು ಕಂಡವೆಂದು ಅವನನ್ನು ಮನೆಗೆ ಕಳಿಸಿದರು.) ಇರಲಿ, ನಾನು ಹೇಳಹೊರಟದ್ದು ಬೇರೆ. ಆ ಆಟವೂ ಬಿಟ್ಟಿಯೇ ಆಗಿತ್ತು. ಆದರೆ ಅದು ನನ್ನನ್ನು ಕರೆಯುತ್ತಿರಲಿಲ್ಲ. ನಾನು ತೆಗೆದರೆ ತೆರೆಯಿತು, ಮುಚ್ಚಿದರೆ ಮುಚ್ಚಿತು. ಸೋತರೆ ಅರ್ಧ ಗಂಟೆ ಮೂಲೆಯಲ್ಲಿ ನಿಲ್ಲು ಎನ್ನಲಿಲ್ಲ.

ಇನ್ನು ದುಡ್ಡು ಕೊಟ್ಟು ಕೊಂಡ ಆಟದ ಕತೆ. 2004ರಲ್ಲಿ ಮಗಳ ಓದಿಗೆಂದು ಮನೆಗೂ ಕಂಪ್ಯೂಟರು ಬಂತು, ಟೆಲಿಫೋನಿನ ತಂತಿಯಲ್ಲೇ ಗೊರಗೊರ ಸದ್ದು ಮಾಡುತ್ತಾ ಬರುವ ಇಂಟರ್‌ನೆಟ್ಟೂ ಬಂತು. ಆ ದಿನಗಳಲ್ಲಿ ನನ್ನಂಥವರಿಗೆಂದೇ ಸಣ್ಣ ಸಣ್ಣ ಆಟಗಳು ಸಿಗುತ್ತಿದ್ದವು. 2001ರಲ್ಲಿ ಪಾಪ್‌ಕ್ಯಾಪ್ ಎಂಬ ಕಂಪನಿ ತಂದ ಬಿಜ್ಯುವೆಲ್ಡ್ ಅವುಗಳಲ್ಲಿ ಹೆಸರುವಾಸಿ: ಮೂರು ರತ್ನ ಸಾಲಾಗಿ ಸೇರಿಸಿದರೆ ಮಾಯ. ಡೈನರ್ ಡ್ಯಾಷ್ ಎಂಬ ಇನ್ನೊಂದರಲ್ಲಿ ಫ್ಲೋ ಎಂಬ ಹೆಣ್ಣುಮಗಳು ಆಫೀಸಿನ ಕೆಲಸ ಬಿಟ್ಟು ಹೋಟೆಲು ಇಡುತ್ತಾಳೆ, ನಾವು ಅವಳ ಪರವಾಗಿ ಟೇಬಲ್ಲಿಗೆ ತಟ್ಟೆ ಹೊರಬೇಕು. ದಿನವಿಡೀ ಮನೆಯಲ್ಲಿ ಬಡಿಸಿದ್ದು ಸಾಲದೆ ರಾತ್ರಿ ಇವಳಿಗೂ ಬಡಿಸುತ್ತೀಯಾ ಎಂದು ನಮ್ಮವರು ಹಾಸ್ಯ ಮಾಡುತ್ತಿದ್ದರು. ವ್ಯತ್ಯಾಸವಿದೆ ಸ್ವಾಮಿ, ಫ್ಲೋನ ಗಿರಾಕಿಗಳು ತಿಂದು ದುಡ್ಡು ಇಟ್ಟು ಹೋಗುತ್ತಿದ್ದರು!

ಆಗಿನ ಪದ್ಧತಿ ನನಗೆ ಬಹಳ ಮೆಚ್ಚುಗೆ. ಆಟವನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಿ, ಒಂದು ಗಂಟೆ ಆಡಿ ನೋಡಿ. ಹಿಡಿಸಿದರೆ ಇಪ್ಪತ್ತು ಡಾಲರ್ ಕೊಡಿ, ಇಲ್ಲವೇ ಅಳಿಸಿಹಾಕಿ. ಸೀರೆ ಅಂಗಡಿಯವನು ಮಡಿಕೆ ಬಿಚ್ಚಿ ತೋರಿಸಿ, ಬೆಲೆ ಹೇಳಿ, ಮುಂದಿನದು ನಿಮ್ಮಿಷ್ಟ ಎಂದ ಹಾಗೆ. ನಾನು ಇಳಿಸಿಕೊಂಡದ್ದು ಬಿಜ್ಯುವೆಲ್ಡ್‌ನ ದಾಯಾದಿಯಂಥ ಒಂದು ಆಟ. ಹೆಸರು ಬೇಡ, ಕಾರಣ ಮುಂದೆ ತಿಳಿಯುತ್ತದೆ. ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಫೋನು ಎಂಗೇಜು. “ನೆಂಟರಿಷ್ಟರು ಸತ್ತರೂ ಈ ಮನೆಗೆ ಸುದ್ದಿ ಬರೋ ಹಾಗಿಲ್ಲ” ಎಂದು ಅತ್ತೆಯವರು ಜಪಮಣಿ ಎಣಿಸುತ್ತಾ ಹೇಳಿದರು.

ಒಂದು ಗಂಟೆಯ ಆಟ ಮುಗಿಯಿತು, ಹಿಡಿಸಿತು. ಆಗಿನ ಲೆಕ್ಕಕ್ಕೆ ಸುಮಾರು ಒಂಬೈನೂರು ರೂಪಾಯಿ. ಒಂದು ಒಳ್ಳೆಯ ಕಾಟನ್ ಸೀರೆಯ ದುಡ್ಡು. ನಮ್ಮವರು “ಒಂಬೈನೂರಾ! ಮುಟ್ಟೋಕೂ ಆಗದ ವಸ್ತುಗಾ!” ಎಂದರು. ನನ್ನ ಸಂಬಳ, ನನ್ನ ಸೀರೆ ಎಂದೆ. ಅಮೆರಿಕದಲ್ಲಿದ್ದ ತಮ್ಮ ತನ್ನ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ, ನಾನು ಅಮ್ಮನ ಕೈಗೆ ದುಡ್ಡು ಕೊಟ್ಟೆ. ಆಮೇಲೆ ಒಂಬತ್ತು ವರ್ಷ ಆ ಆಟ ಆಡಿದ್ದೇನೆ. ವರ್ಷಕ್ಕೆ ನೂರು ರೂಪಾಯಿ, ತಿಂಗಳಿಗೆ ಎಂಟು ರೂಪಾಯಿ ಚಿಲ್ಲರೆ. ಆ ಒಂಬತ್ತು ವರ್ಷದಲ್ಲಿ ಆಟ ನನ್ನನ್ನು ಇನ್ನೊಂದು ಪೈಸೆ ಕೇಳಲಿಲ್ಲ. ಹಬ್ಬದ ದಿನ ಟಿಣ್ ಎನ್ನಲಿಲ್ಲ.

ಆಮೇಲೆ ಬಂದವು ನೋಡಿ ಬಿಟ್ಟಿ ಆಟಗಳು! ಮೊದಲು 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಎಂಬ ಹೊಲ. ಬಿತ್ತಿದ ಬೆಳೆಯನ್ನು ಹೊತ್ತಿಗೆ ಸರಿಯಾಗಿ ಹೋಗಿ ಕೊಯ್ಯದಿದ್ದರೆ ಅದು ಬಾಡಿಹೋಗುತ್ತಿತ್ತು. ನಿಜವಾದ ಹೊಲದವರು ಕೂಡ ನಡುರಾತ್ರಿ ಅಲಾರಂ ಇಟ್ಟು ಏಳುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬಳು ಕಾಣದ ಸ್ಟ್ರಾಬೆರಿಗಾಗಿ ಏಳುತ್ತಿದ್ದಳು. ಆ ಹೊಲ 2020ರ ಡಿಸೆಂಬರ್ 31ಕ್ಕೆ ಮುಚ್ಚಿತು. ಅಷ್ಟರಲ್ಲಿ, 2012ರಲ್ಲಿ, ಕ್ಯಾಂಡಿ ಕ್ರಷ್ ಸಾಗಾ ಫೋನಿಗೆ ಇಳಿದಿತ್ತು. ಆಟ ಪುಕ್ಕಟೆ, ಜೀವ ಐದು. ಅದನ್ನು ಮಾಡಿದ ಕಿಂಗ್ ಎಂಬ ಕಂಪನಿಯನ್ನು 590 ಕೋಟಿ ಡಾಲರಿಗೆ ಕೊಳ್ಳುವುದಾಗಿ 2015ರಲ್ಲಿ ಇನ್ನೊಂದು ಕಂಪನಿ ಸಾರಿತು. ಬ್ಯಾಂಕಿನಲ್ಲಿ ಕೂತವಳಿಗೆ ಸಹಜವಾಗಿ ಬರುವ ಪ್ರಶ್ನೆ: ಸರಕನ್ನು ಪುಕ್ಕಟೆ ಹಂಚುವ ಅಂಗಡಿಗೆ ಇಷ್ಟು ಬೆಲೆ ಎಲ್ಲಿಂದ ಬಂತು?

ಬಂದದ್ದು ಹೀಗೆ. ಇಂಥ ಆಟ ಆಡುವವರಲ್ಲಿ ಬಹುಪಾಲು ಜನ ಕಾಸು ಬಿಚ್ಚುವುದಿಲ್ಲ. ಬಿಚ್ಚುವ ಕೆಲವರಲ್ಲಿ ಇನ್ನೂ ಕೆಲವರು ಧಾರಾಳವಾಗಿ ಬಿಚ್ಚುತ್ತಾರೆ. ಆ ವ್ಯಾಪಾರದವರು ಅಂಥವರನ್ನು ‘ತಿಮಿಂಗಿಲ’ ಎನ್ನುತ್ತಾರೆ. ಗಿರಾಕಿಯನ್ನು ದೇವರೆನ್ನದಿದ್ದರೆ ಬೇಡ, ಬಲೆಗೆ ಬೀಳುವ ಮೀನು ಎಂದು ಕರೆಯುವ ವ್ಯಾಪಾರವನ್ನು ಏನೆನ್ನೋಣ? ಅವರ ಕೈಚಳಕವೂ ನೋಡುವಂಥದ್ದೇ. ರೂಪಾಯಿಯನ್ನು ಮೊದಲು ಚಿನ್ನದ ಗಟ್ಟಿಯೋ ವಜ್ರವೋ ನಾಣ್ಯವೋ ಮಾಡಿಬಿಡುತ್ತಾರೆ. ಕ್ಯಾಷ್ ಕೌಂಟರಿನಲ್ಲಿ ಹದಿನಾರು ವರ್ಷ ಕೂತವಳು ಹೇಳುತ್ತೇನೆ, ದುಡ್ಡಿಗೆ ಬೇರೆ ಹೆಸರಿಟ್ಟ ಕೂಡಲೆ ಹಿಡಿತ ಸಡಿಲವಾಗುತ್ತದೆ. ನಿಮಗೆ ಬೇಕಾದದ್ದು ಹನ್ನೆರಡು ನಾಣ್ಯ, ಮಾರುವುದು ಹತ್ತರ ಕಟ್ಟು. ಎರಡು ಕಟ್ಟು ಕೊಂಡರೆ ಎಂಟು ಉಳಿಯುತ್ತದೆ, ಉಳಿದ ಎಂಟು ಮತ್ತೊಂದು ಕಟ್ಟನ್ನು ಕರೆಯುತ್ತದೆ. ಇನ್ನು ಸೋಲು. ಸಾಲಿಟೇರ್‌ನಲ್ಲಿ ಸೋತರೆ ಎಲೆ ಸರಿಯಾಗಿ ಬೀಳಲಿಲ್ಲ ಎನ್ನುತ್ತಿದ್ದೆವು. ಇಲ್ಲಿ ಮಾತ್ರ ಎಷ್ಟು ಸಲ ನೋಡಿ, ಒಂದೇ ಒಂದು ಗುಂಡು ಉಳಿದಾಗ ನಡೆ ಮುಗಿದಿರುತ್ತದೆ, ಮರುಕ್ಷಣ “ಇನ್ನೂ ಐದು ನಡೆ ಬೇಕೆ?” ಎಂಬ ಫಲಕ ಮೂಡುತ್ತದೆ.

ನಮ್ಮ ನಾದಿನಿಯ ಸಂಗತಿ ಹೊರಬಿದ್ದದ್ದು ಬಾಗಿನವಾಗಿ ಮೂರು ವಾರಕ್ಕೆ. ಬ್ಯಾಂಕಿನವಳೆಂದು ನೆಂಟರೆಲ್ಲ ಪಾಸ್‌ಬುಕ್ಕು ತಂದು ನನ್ನ ಮುಂದೆ ಹಿಡಿಯುವುದು ವಾಡಿಕೆ. ಅವಳ ಗಂಡ ತಂದರು. ಎಂಬತ್ತೊಂಬತ್ತು, ನೂರ ಎಪ್ಪತ್ತೊಂಬತ್ತು, ನಾನೂರ ನಲವತ್ತೊಂಬತ್ತು, ಹೀಗೆ ಚೂರುಚೂರಾಗಿ ನಾಲ್ಕು ತಿಂಗಳಲ್ಲಿ ಹನ್ನೊಂದು ಸಾವಿರದ ನಾನೂರ ಅರವತ್ತು ರೂಪಾಯಿ. ಕಳ್ಳರು ಹೊಡೆದಿರಬೇಕೆಂದು ಅವರು ಪೊಲೀಸಿಗೆ ಹೋಗಲು ಸಿದ್ಧರಾಗಿದ್ದರು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾದಿನಿ ಅಳಲು ಶುರುಮಾಡಿದಳು.

ಮುಂದಿನದನ್ನು ನೀವೇ ಊಹಿಸಿಕೊಳ್ಳಿ. “ಮೂರು ಹೊತ್ತೂ ಫೋನು, ಬುದ್ಧಿ ಇಲ್ಲ, ಈ ವಯಸ್ಸಿನಲ್ಲಿ ಆಟ!” ಎಂದು ಮನೆಯವರೆಲ್ಲ ಸೇರಿ ಅವಳನ್ನು ಆಡಿಕೊಂಡರು. ದುಡ್ಡು ತೆಗೆದುಕೊಂಡವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ನಾನು ಅವಳ ಪಕ್ಕ ಕೂತು “ಯಾಕೆ ಕಣೇ?” ಎಂದೆ. ಅವಳು ಮೂಗು ಒರೆಸಿಕೊಂಡು ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ: “ಬೆಳಗ್ಗಿಂದ ರಾತ್ರಿವರೆಗೂ ಮಾಡ್ತೀನಿ ಅತ್ತಿಗೆ. ಯಾರೂ ಒಂದು ಶಭಾಷ್ ಅನ್ನಲ್ಲ. ಅದು ಅನ್ನುತ್ತೆ.”

ಹೌದು, ಅದು ಅನ್ನುತ್ತದೆ. ನಾಲ್ಕು ಗುಂಡು ಸೇರಿಸಿದರೆ ಹೂ ಮಳೆ, ಐದು ಸೇರಿಸಿದರೆ ಗಂಟೆ ಜಾಗಟೆ. ನಾವು ಮನೆಯವರು ಪುಕ್ಕಟೆ ಕೊಡಬಹುದಾಗಿದ್ದ ಒಂದು ಮಾತನ್ನು ಅವರು ಹನ್ನೊಂದು ಸಾವಿರಕ್ಕೆ ಮಾರಿದರು. ನಮ್ಮ ಪಾಲೂ ಇದೆ ಇದರಲ್ಲಿ, ಇಲ್ಲವೆನ್ನಲಾರೆ. ಆದರೆ ಮನೆಯಲ್ಲಿ ಶಭಾಷ್ ಸಿಗದ ಹೆಂಗಸು ಸಿಕ್ಕಾಳೆಂದು ಬಲೆ ಹೆಣೆದು ಕೂತವನನ್ನು ಬಿಟ್ಟು, ಸಿಕ್ಕಿದವಳನ್ನೇ ಬೈಯುವುದು ಯಾವ ನ್ಯಾಯ?

ಕಾನೂನಿನ ಮಾತು ಕೇಳಿ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಒಂದು ಕಾಯಿದೆ ಮಾಡಿತು. ದುಡ್ಡು ಗೆಲ್ಲುವ ಆಸೆಯಿಂದ ದುಡ್ಡು ಕಟ್ಟುವ ಆಟಗಳಿಗೆ ಅದರಲ್ಲಿ ನಿಷೇಧ. ಒಳ್ಳೆಯದೇ ಆಯಿತು, ರಮ್ಮಿಯಲ್ಲಿ ಮನೆ ಕಳೆದುಕೊಂಡವರ ಸಂಕಟ ಸಣ್ಣದಲ್ಲ. ಆದರೆ ದುಡ್ಡು ಕಟ್ಟಿ, ಏನೂ ಗೆಲ್ಲಲಾರದ ಆಟ? ಅದು ಆ ನಿಷೇಧಕ್ಕೆ ಸೇರುವುದಿಲ್ಲ. ಜೂಜಿನವನಿಗೆ ನಾಲ್ಕು ಕಾಸು ತಿರುಗಿ ಬಂದೀತೆಂಬ ಭ್ರಮೆಯಾದರೂ ಇತ್ತು. ನಮ್ಮ ನಾದಿನಿಗೆ ಅದೂ ಇರಲಿಲ್ಲ. ಬೆಲ್ಜಿಯಂ ದೇಶದ ಜೂಜು ಆಯೋಗ 2018ರಲ್ಲೇ, ಒಳಗೇನಿದೆ ಎಂದು ತಿಳಿಸದೆ ಆಟದಲ್ಲಿ ದುಡ್ಡಿಗೆ ಮಾರುವ ಪೆಟ್ಟಿಗೆಗಳು ಜೂಜೇ ಎಂದಿತು. ಅಮೆರಿಕದಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ 2022ರಲ್ಲಿ 52 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು, ಅದರಲ್ಲಿ 24.5 ಕೋಟಿ, ಆಡುವವರ ಕೈ ತಪ್ಪಿ ಖರೀದಿಯಾಗುವಂತೆ ಗುಂಡಿಗಳನ್ನು ಇಟ್ಟದ್ದಕ್ಕೆ ಗಿರಾಕಿಗಳಿಗೆ ಹಿಂತಿರುಗಿಸಲು. ಅಂದರೆ ಇದು ಬರೀ ಕೆಲಸವಿಲ್ಲದ ಹೆಂಗಸರ ಗೊಣಗಾಟವಲ್ಲ.

“ಬಲವಂತ ಮಾಡಿದವರು ಯಾರು? ಬೇಡದಿದ್ದರೆ ಬಿಡಿ” ಎನ್ನುತ್ತಾನೆ ನನ್ನ ಅಳಿಯ. ಅವನು ಕಂಪ್ಯೂಟರಿನವನೇ. ಬಿಟ್ಟಿ ಆಟದಿಂದ ಬಡವರ ಮನೆಗೂ ಆಟ ಸಿಕ್ಕಿತಲ್ಲ ಎಂಬುದು ಅವನ ಇನ್ನೊಂದು ವಾದ. ಎರಡನೆಯದನ್ನು ಒಪ್ಪುತ್ತೇನೆ. ನಮ್ಮ ಮನೆಗೆಲಸದವಳ ಮಗಳು ತಾಯಿಯ ಹಳೆಯ ಫೋನಿನಲ್ಲಿ ಆಡುತ್ತಾಳೆ, ಅವಳು ಒಂಬೈನೂರು ತರುವುದೆಲ್ಲಿಂದ? ಆದರೆ ಪುಕ್ಕಟೆ ಕೊಡುವುದು ಬೇರೆ, ಪುಕ್ಕಟೆ ಎಂದು ಕರೆದು ಬಾಗಿಲು ಹಾಕಿಕೊಳ್ಳುವುದು ಬೇರೆ. ಆ ಸಾಲಿಟೇರ್ ಗತಿ ನೋಡಿ. 2012ರ ವಿಂಡೋಸ್ 8ರಿಂದ ಅದು ಕಂಪ್ಯೂಟರಿನ ಜೊತೆಗೇ ಬರುವುದು ನಿಂತು, ಬೇರೆಯಾಗಿ ಇಳಿಸಿಕೊಳ್ಳಬೇಕಾಯಿತು. ವಿಂಡೋಸ್ 10ರಲ್ಲಿ ಮರಳಿ ಜೊತೆಗೆ ಬಂತು. ಬರುವಾಗ ಜಾಹೀರಾತನ್ನೂ ಕರೆದುಕೊಂಡು ಬಂತು. ಜಾಹೀರಾತು ಬೇಡವೆಂದರೆ ಚಂದಾ ಕಟ್ಟಬೇಕು. ತರಬೇತಿಯ ಹುಡುಗ ಕಾಸಿಲ್ಲದೆ ಬರೆದುಕೊಟ್ಟ ಆಟಕ್ಕೆ!

ಹಾಗೆಂದು ಹಳೆಯ ಪದ್ಧತಿಯೇ ಅಪ್ಪಟ ಚಿನ್ನ ಎಂದರೆ ಸುಳ್ಳಾದೀತು. ನನ್ನ ಒಂಬತ್ತು ವರ್ಷದ ಆಟ ಹೇಗೆ ಮುಗಿಯಿತು ಗೊತ್ತೆ? 2013ರಲ್ಲಿ ಹಳೆಯ ಕಂಪ್ಯೂಟರು ಸತ್ತಿತು. ಹೊಸದಕ್ಕೆ ಆಟ ಹಾಕಿ, ಡೈರಿಯಲ್ಲಿ ಜೋಪಾನವಾಗಿ ಬರೆದಿಟ್ಟ ಅಂಕಿ ಅಕ್ಷರಗಳ ಕೀಲಿಯನ್ನು ಒತ್ತಿದರೆ, ‘ಪರಿಶೀಲಿಸಲಾಗುತ್ತಿಲ್ಲ’ ಎಂಬ ಉತ್ತರ. ಪರಿಶೀಲಿಸಬೇಕಾದ ಕಂಪನಿಯ ಬಾಗಿಲೇ ಮುಚ್ಚಿತ್ತು. ಎರಡು ಪತ್ರ ಬರೆದೆ, ಉತ್ತರವಿಲ್ಲ. ನಾನು ಕೊಂಡೆ ಎಂದುಕೊಂಡದ್ದು ಬಾಡಿಗೆಯ ಮನೆಯಾಗಿತ್ತು. ಹೀಗೆ ಮಾರುವ ಅಂಗಡಿಗಳು ‘ಕೊಳ್ಳಿ’ ಎನ್ನುವಾಗ, ನೀವು ಪಡೆಯುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿದೆ. ನಮ್ಮ ಅತ್ತೆಯವರ ತಾಯಿಯ ಅಳಗುಳಿ ಮಣೆ ಅಟ್ಟದ ಮೇಲಿದೆ. ಒಂದು ಗುಳಿ ಸೀಳಿದೆ, ಅಷ್ಟೆ. ಅದಕ್ಕೆ ಕೀಲಿಯೂ ಇಲ್ಲ, ಪರಿಶೀಲನೆಯೂ ಇಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ಬೆಲೆ ಹೇಳಿ, ಒಂದೇ ಸಲ ತೆಗೆದುಕೊಳ್ಳಿ, ಇಡೀ ಆಟ ಕೊಡಿ. ಇಂಟರ್‌ನೆಟ್ಟು ಇಲ್ಲದಾಗಲೂ ಅದು ತೆರೆಯಲಿ. ನಾನು ಕರೆದಾಗ ಬರಲಿ, ಅದು ನನ್ನನ್ನು ಕರೆಯುವುದು ಬೇಡ. ಹೀಗೆ ಮಾರುವವರು ಇಲ್ಲದೆ ಇಲ್ಲ. ಬೀಗ ಹಾಕದ ಆಟಗಳನ್ನೇ ಮಾರುವ ಜಿಒಜಿ ಎಂಬ ಅಂಗಡಿಯೊಂದು 2008ರಿಂದ ಇದೆ. ಅಲ್ಲಿಂದ ಮಗಳು ನನಗೆ ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟ ಕೊಡಿಸಿದಳು. ಎರಿಕ್ ಬರೋನ್ ಎಂಬಾತ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕೂತು ಚಿತ್ರ, ಸಂಗೀತ, ಲೆಕ್ಕ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಹೊರತಂದದ್ದು. ಇದೂ ಹೊಲವೇ. ತಾತ ಬಿಟ್ಟುಹೋದ ಪಾಳು ಜಮೀನು, ಕೈಯಲ್ಲಿ ಹದಿನೈದು ಬಿತ್ತನೆ ಬೀಜ, ಮೂಲಂಗಿಯಂಥ ಒಂದು ಗೆಡ್ಡೆಯದು. ಅಲ್ಲಿನ ಒಂದು ದಿನವೆಂದರೆ ನಮ್ಮ ಹದಿನಾಲ್ಕು ನಿಮಿಷದ ಹತ್ತಿರ. ನನ್ನ ಅರ್ಧ ಗಂಟೆಯಲ್ಲಿ ಎರಡು ದಿನದ ಬೇಸಾಯವಾಗುತ್ತದೆ. ಒಮ್ಮೆ ಕೊಟ್ಟದ್ದೇ ಬೆಲೆ, ಆಮೇಲೆ ಅವನು ಹೊಸದಾಗಿ ಸೇರಿಸಿದ್ದಕ್ಕೂ ಕೇಳಲಿಲ್ಲ.

ಹೋದ ಭಾನುವಾರ ನಾದಿನಿ ಬಂದಿದ್ದಳು. ಈಗ ಅವಳ ಫೋನಿನಲ್ಲಿ ಆಟವಿಲ್ಲ, ಗಂಡ ಅಳಿಸಿಹಾಕಿಸಿದ್ದಾರೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಕೂತಿದ್ದಳು. ನನ್ನ ಕಂಪ್ಯೂಟರಿನ ಮುಂದೆ ಕೂರಿಸಿ, ಅವಳ ಹೆಸರಿನಲ್ಲೇ ಒಂದು ಹೊಲ ಮಾಡಿಕೊಟ್ಟೆ. ಕಲ್ಲು ಆರಿಸಿದಳು, ಕಳೆ ಕಿತ್ತಳು, ಹದಿನೈದು ಬೀಜವನ್ನೂ ನೇರ ಸಾಲಿನಲ್ಲಿ ಊರಿ ನೀರು ಹಾಕಿದಳು. ನಾನು ಹಿಂದೆ ನಿಂತು, ಸ್ವಲ್ಪ ಗಟ್ಟಿಯಾಗಿಯೇ, ಶಭಾಷ್ ಎಂದೆ. ಅವಳು ತಿರುಗಿ ನೋಡಿ ನಕ್ಕಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳಿದಳು: “ಅತ್ತಿಗೆ, ನಾನು ಮುಂದಿನ ಭಾನುವಾರದವರೆಗೂ ಬರಲ್ಲ. ಅಷ್ಟರಲ್ಲಿ ಬಾಡಿಹೋಗುತ್ತಾ?”

“ಇಲ್ಲ ಕಣೇ. ನೀನು ಬರೋವರೆಗೂ ಅಲ್ಲಿ ಹೊತ್ತೇ ಮುಳುಗಲ್ಲ.”

ನಂಬಿದಳೆಂದುಕೊಂಡೆ. ಸೋಮವಾರ ಬೆಳಿಗ್ಗೆ ಏಳಕ್ಕೇ ಫೋನು. “ತಪ್ಪು ತಿಳ್ಕೋಬೇಡಿ ಅತ್ತಿಗೆ, ಒಂದ್ಸಲ ತೆಗೆದು ನೋಡಿ ಹೇಳ್ತೀರಾ?” ಹೆಂಚಿನ ಮೇಲಿದ್ದ ದೋಸೆಯನ್ನು ನಮ್ಮವರಿಗೆ ಒಪ್ಪಿಸಿ ಹೋಗಿ ನೋಡಿದೆ. ಹದಿನೈದೂ ಇದ್ದವು.